ಅಂಬಾಸಿಡರ್ ಮತ್ತು ಪದ್ಮಿನಿ: ತೂಕ, ಎಳೆತ, ಓಟ

ಅಂಬಾಸಿಡರ್ ಹೆಚ್ಚೋ, ಫಿಯಟ್ ಹೆಚ್ಚೋ? ಮಾರುತಿ ಬರುವ ತನಕ ನಮ್ಮಲ್ಲಿ ಕಾರಿದ್ದವರೂ ಇಲ್ಲದವರೂ ಒಂದೇ ಹುರುಪಿನಲ್ಲಿ ನಡೆಸುತ್ತಿದ್ದ ವಾದ ಇದು. ಒಬ್ಬರು 1489 ಸಿಸಿ ಎಂಜಿನ್ನಿನ ಎದುರು 1089 ಸಿಸಿ ಎಂಜಿನ್ ಏನು ಮಾಡೀತು ಎನ್ನುತ್ತಿದ್ದರು. ಇನ್ನೊಬ್ಬರು, ಹಾಗಿದ್ದರೆ ಹೆದ್ದಾರಿಯಲ್ಲಿ ಫಿಯಟ್ ನಿಮ್ಮನ್ನು ಹಿಂದೆ ಹಾಕಿ ಹೋಗುವುದು ಹೇಗೆ ಎಂದು ಕೇಳುತ್ತಿದ್ದರು. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದರು. ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆಂದು ನೋಡಲು ಆ ಕಾಲದ ಅಂಕಿಅಂಶಗಳನ್ನು ಎದುರು ಬದುರು ಇಟ್ಟು ಲೆಕ್ಕ ಹಾಕಿದರೆ, ವಾದದ ಬಹುಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ಯಾವ ಅಂಬಾಸಿಡರನ್ನು ಯಾವ ಪದ್ಮಿನಿಯ ಎದುರು ನಿಲ್ಲಿಸುತ್ತಿದ್ದೇವೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಅಂಬಾಸಿಡರ್ ಎಂಬ ಹೆಸರಿನಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಗಾಡಿಗಳು ಹೊರಬಂದವು. ಮೊದಲ ಗಾಡಿಗಳಲ್ಲಿದ್ದದ್ದು ಹಳೆಯ ಸೈಡ್ ವಾಲ್ವ್ ಎಂಜಿನ್. ಕೊನೆಯ ಹಂತದಲ್ಲಿ ಇಸುಜು ಎಂಜಿನ್, ಐದು ಗೇರು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದಿದ್ದವು. 1990ರ ದಶಕದ 1.8 ಇಸುಜು ಅಂಬಾಸಿಡರಿನಲ್ಲಿದ್ದ ಸುಮಾರು 75 ಬಿಎಚ್‌ಪಿಯನ್ನು ಎಪ್ಪತ್ತರ ದಶಕದ ಪದ್ಮಿನಿಗೆ ಹೋಲಿಸಿ ಗೆದ್ದೆವು ಎನ್ನುವುದು ನ್ಯಾಯವಲ್ಲ. ಆದ್ದರಿಂದ ಇಲ್ಲಿ ಹೋಲಿಕೆಗೆ ತೆಗೆದುಕೊಂಡಿರುವುದು ಜನ ನಿಜವಾಗಿ ಎದುರು ಬದುರು ನೋಡಿದ ಜೋಡಿಯನ್ನು. ಒಂದು ಕಡೆ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್, ಅಂದರೆ ಮಾರ್ಕ್ 2ರಿಂದ ಮಾರ್ಕ್ 4ರವರೆಗಿನದು. ಇನ್ನೊಂದು ಕಡೆ 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂದು, ಎಪ್ಪತ್ತರ ದಶಕದ ಆರಂಭದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎನಿಸಿಕೊಂಡು, 1974ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿಯಾದ ಕಾರು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯಟ್ಟಾಗಿಯೇ ಉಳಿಯಿತು.

ಎರಡೂ ಯುದ್ಧಾನಂತರದ ಯುರೋಪಿನ ಗಾಡಿಗಳು. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಶುರುವಾಗಿ, ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬಂಗಾಳದ ಉತ್ತರಪಾರಾಕ್ಕೆ ಹೋಯಿತು. ಮಾರಿಸ್ ಕಂಪನಿಯ ಗಾಡಿಗಳನ್ನೇ ಒಂದಾದ ಮೇಲೊಂದರಂತೆ ತಯಾರಿಸುತ್ತಾ ಬಂದು, ಲ್ಯಾಂಡ್‌ಮಾಸ್ಟರ್ ನಂತರ ಅಂಬಾಸಿಡರಿಗೆ ತಲುಪಿತು. ಪದ್ಮಿನಿಯ ಮೂಲ ಟ್ಯೂರಿನ್ನಿನದು. 1953ರ ಫಿಯಟ್ 1100/103, ದಾಂತೆ ಜಕೋಸಾ ಎಂಬ ಅಸಾಧಾರಣ ಎಂಜಿನಿಯರ್ ಫಿಯಟ್ಟಿನ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದಾಗ ರೂಪುಗೊಂಡ ಕಾರು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸಿತು. ಕಲ್ಕತ್ತೆಯ ಟ್ಯಾಕ್ಸಿ ಅಂಬಾಸಿಡರಾದದ್ದಕ್ಕೂ ಮುಂಬಯಿಯ ಟ್ಯಾಕ್ಸಿ ಪದ್ಮಿನಿಯಾದದ್ದಕ್ಕೂ ಮೊದಲ ಕಾರಣ ಕಾರ್ಖಾನೆಗಳ ವಿಳಾಸ. ಕರ್ನಾಟಕ ಎರಡರಿಂದಲೂ ದೂರವಿದ್ದದ್ದರಿಂದ ಇಲ್ಲಿ ಎರಡೂ ಬಂದವು. ಅದಕ್ಕೇ ವಾದವೂ ಇಲ್ಲಿ ಜೋರಾಗಿತ್ತು.

ಈಗ ಅಳತೆಗೆ ಬರೋಣ. ಅಂಬಾಸಿಡರಿನ ಉದ್ದ ಸುಮಾರು 4.32 ಮೀಟರ್, ಅಗಲ 1.66 ಮೀಟರ್, ಎತ್ತರ 1.59 ಮೀಟರ್. ಪದ್ಮಿನಿ 3.93 ಮೀಟರ್ ಉದ್ದ, 1.46 ಮೀಟರ್ ಅಗಲ, 1.47 ಮೀಟರ್ ಎತ್ತರ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಅಂಬಾಸಿಡರಿನಲ್ಲಿ 2464 ಮಿ.ಮೀ., ಪದ್ಮಿನಿಯಲ್ಲಿ 2340 ಮಿ.ಮೀ. ಈ ಅಳತೆಗಳಲ್ಲಿ ಹೆಚ್ಚು ಕೆಲಸ ಮಾಡುವುದು ಅಗಲದ ಇಪ್ಪತ್ತು ಸೆಂಟಿಮೀಟರ್. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಭುಜಕ್ಕೆ ಭುಜ ತಾಗಿಸಿ ಕೂರುವುದಕ್ಕೂ ನೆಮ್ಮದಿಯಾಗಿ ಕೂರುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ ಅಳತೆಯದು. ಕಾಗದದ ಮೇಲೆ ಸಣ್ಣದಾಗಿ ಕಾಣುವ ಆ ಅಂತರವೇ ಅಂಬಾಸಿಡರನ್ನು ಮಂತ್ರಿಗಳ, ಅಧಿಕಾರಿಗಳ, ಮದುವೆ ದಿಬ್ಬಣಗಳ ಕಾರು ಮಾಡಿತು.

ತೂಕ ಇನ್ನೂ ಮುಖ್ಯ. ಪದ್ಮಿನಿ ಸುಮಾರು 895 ಕೆ.ಜಿ. ಅಂಬಾಸಿಡರ್ ಮಾದರಿಗೆ ತಕ್ಕಂತೆ 1,100ರಿಂದ 1,150 ಕೆ.ಜಿ.

ಶಕ್ತಿಯ ಅಂಕಿಗಳಲ್ಲಿ ಗೊಂದಲ ಬಹಳ. ಒಂದೇ ಪದ್ಮಿನಿಗೆ ಒಂದು ಕಡೆ 40 ಬಿಎಚ್‌ಪಿ, ಇನ್ನೊಂದು ಕಡೆ 47 ಎಂದು ಬರೆದಿರುತ್ತದೆ. ಎರಡೂ ಸುಳ್ಳಲ್ಲ. ಅಮೆರಿಕದ ಹಳೆಯ ಎಸ್‌ಎಇ ಪದ್ಧತಿಯಲ್ಲಿ ಎಂಜಿನ್ನನ್ನು ಗಾಡಿಯಿಂದ ಹೊರಗಿಟ್ಟು, ಫ್ಯಾನು, ಡೈನಮೊ, ಗಾಳಿ ಸೋಸುವ ಫಿಲ್ಟರ್, ಸೈಲೆನ್ಸರುಗಳ ಹೊರೆ ಇಲ್ಲದೆ ಅಳೆಯುತ್ತಿದ್ದರು. ಜರ್ಮನಿಯ ಡಿಐಎನ್ ಪದ್ಧತಿಯಲ್ಲಿ ಅವೆಲ್ಲ ಜೋಡಿಸಿಕೊಂಡೇ ಅಳೆಯಬೇಕು. ರಸ್ತೆಯಲ್ಲಿ ಓಡುವುದು ಎಲ್ಲ ಜೋಡಿಸಿದ ಎಂಜಿನ್ನೇ ಆದ್ದರಿಂದ 40 ಎಂಬುದೇ ಪ್ರಾಮಾಣಿಕ ಅಂಕಿ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೂ ಇದೇ ರೀತಿ 50ರಿಂದ 55ರವರೆಗೆ ಬೇರೆ ಬೇರೆ ಅಂಕಿಗಳು ಸಿಗುತ್ತವೆ. ನಾನು 50 ಎಂದು ಹಿಡಿಯುತ್ತೇನೆ.

ಈ ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಿ. 50 ಬಿಎಚ್‌ಪಿಯನ್ನು 1,125 ಕೆ.ಜಿ.ಗೆ ಹಂಚಿದರೆ ಟನ್ನಿಗೆ 44 ಚಿಲ್ಲರೆ. 40 ಬಿಎಚ್‌ಪಿಯನ್ನು 895 ಕೆ.ಜಿ.ಗೆ ಹಂಚಿದರೂ ಟನ್ನಿಗೆ 44 ಚಿಲ್ಲರೆ. ಅಂದರೆ ನಾಲ್ಕುನೂರು ಸಿಸಿಯ ವ್ಯತ್ಯಾಸವನ್ನು ತೂಕ ಪೂರ್ತಿ ನುಂಗಿಹಾಕಿದೆ. ಖಾಲಿ ಗಾಡಿಗಳಾಗಿ ಇವೆರಡೂ ಸರಿಸಮಾನ. ಎಪ್ಪತ್ತು ಕೆ.ಜಿ.ಯ ಚಾಲಕ ಒಬ್ಬನೇ ಕೂತರೂ ಲೆಕ್ಕ ಬದಲಾಗುವುದಿಲ್ಲ. ಎರಡೂ ಟನ್ನಿಗೆ 41.5ರ ಆಸುಪಾಸಿನಲ್ಲೇ ನಿಲ್ಲುತ್ತವೆ.

ಜನ ಹತ್ತಿದ ಮೇಲೆ ಹಾಗಲ್ಲ. ಐದು ಜನ, ಐವತ್ತು ಕೆ.ಜಿ. ಸಾಮಾನು, ಒಟ್ಟು ನಾಲ್ಕುನೂರು ಕೆ.ಜಿ. ಏರಿಸಿದೆವು ಎನ್ನಿ. ಅಂಬಾಸಿಡರಿಗೆ ಅದು ತನ್ನ ತೂಕದ ಶೇ 36ರಷ್ಟು ಹೊರೆ, ಪದ್ಮಿನಿಗೆ ಶೇ 45ರಷ್ಟು. ಅಂಬಾಸಿಡರಿನ ಲೆಕ್ಕ ಟನ್ನಿಗೆ 33ರ ಹತ್ತಿರ ಇಳಿಯುತ್ತದೆ, ಪದ್ಮಿನಿಯದು 31ಕ್ಕೆ. ಹೊರೆ ಹೆಚ್ಚಿದಷ್ಟೂ ಅಂಬಾಸಿಡರ್ ಮುಂದಾಗುತ್ತಾ ಹೋಗುತ್ತದೆ. ಫಿಯಟ್ಟನ್ನು ಹೊಗಳಿದವರಲ್ಲಿ ಹೆಚ್ಚಿನವರು ಸ್ವತಃ ಓಡಿಸುತ್ತಿದ್ದ ವೈದ್ಯರು, ವಕೀಲರು, ಪ್ರಾಧ್ಯಾಪಕರು. ಅಂಬಾಸಿಡರನ್ನು ಹೊಗಳಿದವರು ಗಾಡಿ ತುಂಬ ಜನ ಹೇರಿಕೊಂಡು ಹೋಗುತ್ತಿದ್ದ ಸಂಸಾರಸ್ಥರು, ಟ್ಯಾಕ್ಸಿಯವರು, ತೋಟದವರು. ಇಬ್ಬರೂ ತಮ್ಮ ತಮ್ಮ ಅನುಭವವನ್ನೇ ಹೇಳಿದರು. ಅವರವರ ಗಾಡಿಯಲ್ಲಿದ್ದ ಹೊರೆ ಬೇರೆಯಾಗಿತ್ತು, ಅಷ್ಟೆ.

ಇದರ ಮೇಲೆ ಎಂಜಿನ್ನುಗಳ ಸ್ವಭಾವವೂ ಸೇರಿಕೊಳ್ಳುತ್ತದೆ. ಅಂಬಾಸಿಡರಿನದು ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ ಸೀರೀಸ್ ಎಂಜಿನ್. ಸಿಲಿಂಡರಿನ ಅಗಲ 73 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 88.9 ಮಿ.ಮೀ. ಫಿಯಟ್ಟಿನದು 68 ಮತ್ತು 75 ಮಿ.ಮೀ. ಎರಡೂ ನಿಮಿಷಕ್ಕೆ 4000 ಸುತ್ತು ತಿರುಗುತ್ತಿವೆ ಎಂದಿಟ್ಟುಕೊಂಡರೆ, ಅಂಬಾಸಿಡರಿನ ಪಿಸ್ಟನ್ ಸೆಕೆಂಡಿಗೆ ಸರಾಸರಿ 11.9 ಮೀಟರ್ ಓಡಬೇಕು, ಫಿಯಟ್ಟಿನದು ಸರಿಯಾಗಿ 10 ಮೀಟರ್. ಉದ್ದ ಹೊಡೆತದ ಎಂಜಿನ್ ಕಡಿಮೆ ಸುತ್ತಿನಲ್ಲೇ ಒಳ್ಳೆಯ ಎಳೆತ ಕೊಡುತ್ತದೆ. ಮೂರನೇ ಗೇರಿನಲ್ಲಿ ನಿಧಾನಕ್ಕೆ ಏರು ಹತ್ತುತ್ತದೆ, ಪದೇ ಪದೇ ಗೇರು ಬದಲಾಯಿಸು ಎನ್ನುವುದಿಲ್ಲ. ಆದರೆ ವೇಗ ಏರಿಸಿದಾಗ ಏದುಸಿರು ಬಿಡುತ್ತದೆ. ಫಿಯಟ್ಟಿನ ಎಂಜಿನ್ ತಿರುಗಲು ಹಿಂಜರಿಯುವುದಿಲ್ಲ. ಅದನ್ನು ತಿರುಗಿಸದೆ ಬಿಟ್ಟರೆ ಎಳೆತ ಸಾಲದು, ಗೇರು ಇಳಿಸಿ ಆಕ್ಸಿಲರೇಟರ್ ತುಳಿದರೆ ಚುರುಕಾಗಿ ಹೊರಡುತ್ತದೆ. ನಮ್ಮವರು ಪಿಕಪ್ ಎಂದು ಹೇಳುತ್ತಿದ್ದದ್ದು ಇದನ್ನೇ. ಎರಡೂ ಕಾರುಗಳಲ್ಲಿ ಗೇರು ಸ್ಟಿಯರಿಂಗ್ ಪಕ್ಕದ ಕೋಲಿನಲ್ಲಿತ್ತು. ಹಳೆಯ ಗಾಡಿಗಳಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲವಾದ್ದರಿಂದ, ಓಡುತ್ತಿರುವಾಗಲೇ ಮೊದಲ ಗೇರಿಗೆ ಇಳಿಸಬೇಕಾದವರು ಡಬಲ್ ಕ್ಲಚ್ ಕಲಿತಿರಲೇಬೇಕಿತ್ತು.

ಬಿ ಸೀರೀಸ್ ಎಂಜಿನ್ನನ್ನು ಮಂದ ಎಂಜಿನ್ ಎಂದು ತಳ್ಳಿಹಾಕುವವರಿಗೆ ಒಂದು ಮಾತು ಹೇಳಬೇಕು. 1955ರಲ್ಲಿ ಬಂದ ಎಂಜಿಎ ಎಂಬ ಚೆಂದದ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದು ಇದೇ 1489 ಸಿಸಿ ಎಂಜಿನ್. ಎರಡು ಎಸ್‌ಯು ಕಾರ್ಬುರೇಟರ್ ಹಾಕಿ, ಕಂಪ್ರೆಷನ್ ಏರಿಸಿ ಅದರಿಂದ 70 ಬಿಎಚ್‌ಪಿಯ ಆಸುಪಾಸು ತೆಗೆಯುತ್ತಿದ್ದರು. ಅದೇ ಬ್ಲಾಕಿನ ಹಿಗ್ಗಿಸಿದ ರೂಪ ಎಂಜಿಬಿಯಲ್ಲಿ 1980ರವರೆಗೂ ಓಡಿತು. ನಮ್ಮಲ್ಲಿ ಸಿಗುತ್ತಿದ್ದ ಕಡಿಮೆ ಆಕ್ಟೇನಿನ ಪೆಟ್ರೋಲಿಗಾಗಿ ಕಂಪ್ರೆಷನ್ ತಗ್ಗಿಸಿ, ಒಂದೇ ಕಾರ್ಬುರೇಟರಿನಲ್ಲಿ ಶಾಂತವಾಗಿ ಓಡುವ ಹಾಗೆ ಹೊಂದಿಸಿದ ಎಂಜಿನ್ ಅಂಬಾಸಿಡರಿಗೆ ಬಂತು. ಫಿಯಟ್ಟಿನ 1089 ಸಿಸಿ ಎಂಜಿನ್ನಿನ ವಂಶವೂ ಚಿಕ್ಕದಲ್ಲ. ಅದರ ಮೂಲ 1937ರ ಫಿಯಟ್ 508ಸಿ. ಇಟಲಿಯಲ್ಲಿ 1100 ಟಿವಿ ಎಂಬ ವೇಗದ ಮಾದರಿ 50 ಅಶ್ವಶಕ್ತಿ ಕೊಡುತ್ತಿತ್ತು, ಮಿಲ್ಲೆ ಮಿಗ್ಲಿಯಾದಂಥ ಓಟಗಳಲ್ಲಿ ಓಡುತ್ತಿತ್ತು. ಇಟಲಿಯ 1100ಡಿ ಕಾರಿಗೆ 1221 ಸಿಸಿ ಎಂಜಿನ್ ಬಂದ ಮೇಲೂ ಭಾರತದ ಗಾಡಿಯಲ್ಲಿ 1089 ಸಿಸಿಯೇ ಉಳಿಯಿತು. ಆ 132 ಸಿಸಿ ಇಲ್ಲಿಗೂ ಬಂದಿದ್ದರೆ ಹೊರೆ ಹೊತ್ತ ಪದ್ಮಿನಿಯ ಮೇಲಿನ ದೂರು ಅರ್ಧಕ್ಕರ್ಧ ಇಲ್ಲವಾಗುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಮದರಾಸಿನ ಹತ್ತಿರದ ಶೋಳವರಂ ಓಟದ ಪಟ್ಟಿಯಲ್ಲಿ ನಮ್ಮ ಹುಡುಗರು ತಿದ್ದಿ ತೀಡಿ ಓಡಿಸಿದ ಫಿಯಟ್ಟುಗಳು ಈ ಎಂಜಿನ್ನಿನಲ್ಲಿ ಎಷ್ಟು ಕಸುವು ಅಡಗಿತ್ತು ಎಂಬುದನ್ನು ತೋರಿಸಿಕೊಟ್ಟಿವೆ.

ಅತಿ ಹೆಚ್ಚಿನ ವೇಗದ ವಿಷಯ ಬೇಗ ಮುಗಿಸಬಹುದು. ಇಂಗ್ಲೆಂಡಿನ ‘ದಿ ಮೋಟರ್’ ಪತ್ರಿಕೆ 1954ರಲ್ಲಿ ಬಿ ಸೀರೀಸ್ ಎಂಜಿನ್ನಿನ ಆಕ್ಸ್‌ಫರ್ಡ್ ಸೀರೀಸ್ 2 ಕಾರನ್ನು ಪರೀಕ್ಷಿಸಿದಾಗ ಅದು ಗಂಟೆಗೆ 119 ಕಿ.ಮೀ. ಮುಟ್ಟಿತು, ನಿಂತಲ್ಲಿಂದ 60 ಮೈಲಿ ವೇಗಕ್ಕೆ ಬರಲು 29 ಸೆಕೆಂಡುಗಳ ಹತ್ತಿರ ತೆಗೆದುಕೊಂಡಿತು, ಲೀಟರಿಗೆ 10 ಕಿ.ಮೀ. ಕೊಟ್ಟಿತು. ಫಿಯಟ್ ತನ್ನ ಮೊದಲ 1100/103 ಕಾರಿಗೆ ಹೇಳಿಕೊಂಡ ವೇಗ 116 ಕಿ.ಮೀ., ಅದೂ 36 ಅಶ್ವಶಕ್ತಿಯಲ್ಲಿ. ಕಡಿಮೆ ಶಕ್ತಿಯ ಕಾರು ಅಷ್ಟೇ ವೇಗ ಮುಟ್ಟಲು ಗಾಳಿಯೇ ಕಾರಣ. ಅಗಲವನ್ನು ಎತ್ತರದಿಂದ ಗುಣಿಸಿದರೆ ಎದುರಿನಿಂದ ಗಾಳಿಗೆ ಒಡ್ಡುವ ಮೈ ಪದ್ಮಿನಿಯಲ್ಲಿ ಶೇ 19ರಷ್ಟು ಕಡಿಮೆ. ಎಂಬತ್ತು ಕಿ.ಮೀ. ದಾಟಿದ ಮೇಲೆ ಎಂಜಿನ್ ದುಡಿಯುವುದು ಬಹುಪಾಲು ಗಾಳಿಯನ್ನು ಸೀಳುವುದಕ್ಕೆ. ಅಲ್ಲಿ ಪದ್ಮಿನಿಗೆ ಲಾಭ. ಪೆಟ್ರೋಲಿನ ಲೆಕ್ಕದಲ್ಲೂ ಅಷ್ಟೇ. ಅಂಬಾಸಿಡರ್ ಎಂಟೋ ಹತ್ತೋ ಕೊಡುತ್ತಿದ್ದಲ್ಲಿ ಒಳ್ಳೆಯ ಸ್ಥಿತಿಯ ಪದ್ಮಿನಿ ಹನ್ನೆರಡರ ಆಸುಪಾಸು ಕೊಡುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಈ ಎರಡು ಮೂರು ಕಿ.ಮೀ. ಸಂಸಾರದ ಖರ್ಚಿನಲ್ಲಿ ಎದ್ದು ಕಾಣುವಂಥದ್ದು.

ಬ್ರೇಕಿನಲ್ಲಿ ಹೋಲಿಸುವಂಥದ್ದು ಏನೂ ಇಲ್ಲ. ಎರಡಕ್ಕೂ ನಾಲ್ಕು ಚಕ್ರದಲ್ಲೂ ಡ್ರಮ್, ಎರಡನ್ನೂ ಮೊದಲೇ ಅಂದಾಜು ಮಾಡಿ ತುಳಿಯಬೇಕಿತ್ತು.

ನನಗೆ ಬಹಳ ಕುತೂಹಲದ್ದೆನಿಸುವುದು ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್. ಪುಸ್ತಕದ ಪ್ರಕಾರ ಇಲ್ಲಿ ಅಂಬಾಸಿಡರೇ ಮುಂದು. ಅದಕ್ಕಿದ್ದದ್ದು ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್. ಇಂದಿನ ಕಾರುಗಳಲ್ಲೂ ಇರುವುದು ಅದೇ ತತ್ವ. ಪದ್ಮಿನಿಗೆ ಹಳೆಯ ಕಾಲದ ವರ್ಮ್ ಅಂಡ್ ರೋಲರ್. ಹಾಗಿದ್ದರೂ ಎರಡನ್ನೂ ಓಡಿಸಿದವರು ಯಾರನ್ನೇ ಕೇಳಿ, ಫಿಯಟ್ಟಿನ ಸ್ಟಿಯರಿಂಗ್ ಹಗುರ, ಅಂಬಾಸಿಡರಿನದು ಕೈ ಸೋಲಿಸುತ್ತದೆ ಎನ್ನುತ್ತಾರೆ. ಅಂಬಾಸಿಡರಿನ ಮುಂದಿನ ಚಕ್ರಗಳ ಮೇಲೆ ಬಿದ್ದಿರುವ ಎರಕದ ಕಬ್ಬಿಣದ ಭಾರೀ ಎಂಜಿನ್ ಇದಕ್ಕೆ ಕಾರಣ. ಒಳ್ಳೆಯ ಯಂತ್ರಾಂಗಕ್ಕೆ ಹೆಚ್ಚು ಹೊರೆ ಹೊರಿಸಿದಾಗ ಫಲ ಕಡಿಮೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಅಂಕಿಅಂಶದ ಪಟ್ಟಿ ಓದಿ ಕಾರನ್ನು ಅಳೆಯುವವರು ಇಲ್ಲಿ ಎಡವುತ್ತಾರೆ.

ಹಿಂದುಗಡೆ ಎರಡಕ್ಕೂ ಲೀಫ್ ಸ್ಪ್ರಿಂಗ್, ಎರಡಕ್ಕೂ ಗಟ್ಟಿ ಆಕ್ಸಲ್. ಮುಂದುಗಡೆ ಮಾತ್ರ ದಾರಿ ಬೇರೆ. ಪದ್ಮಿನಿಗೆ ಕಾಯಿಲ್ ಸ್ಪ್ರಿಂಗ್, ಅಂಬಾಸಿಡರಿಗೆ ಟಾರ್ಷನ್ ಬಾರ್. ಟಾರ್ಷನ್ ಬಾರ್ ಎಂದರೆ ಗಾಡಿಯ ಉದ್ದಕ್ಕೆ ಮಲಗಿಸಿದ ಉಕ್ಕಿನ ಸಲಾಕೆ. ಅದರ ಹಿಂದಿನ ತುದಿಯನ್ನು ಗಾಡಿಯ ತಳಕ್ಕೆ ಬಿಗಿದಿರುತ್ತಾರೆ. ಚಕ್ರ ಗುಂಡಿಗಿಳಿದು ಎದ್ದಾಗ ಮುಂದಿನ ತುದಿ ತಿರುಚಿಕೊಳ್ಳುತ್ತದೆ, ಆ ತಿರುಚುವಿಕೆಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಮಾರಿಸ್ ಗಾಡಿಗಳಿಗೆ ಇದನ್ನು ತಂದದ್ದು ಮುಂದೆ ಮಿನಿ ಕಾರಿನಿಂದ ಹೆಸರಾದ ಅಲೆಕ್ ಇಸಿಗೊನಿಸ್. ಇದರ ನಿಜವಾದ ಲಾಭ ಕಂಡದ್ದು ನಮ್ಮ ಗ್ಯಾರೇಜುಗಳಲ್ಲಿ. ವರ್ಷಗಟ್ಟಲೆ ಹೊರೆ ಹೊತ್ತು ಮೂತಿ ಕೆಳಗಾದ ಅಂಬಾಸಿಡರಿಗೆ ಹೊಸ ಸ್ಪ್ರಿಂಗ್ ತರಬೇಕಾಗಿರಲಿಲ್ಲ. ಮೇಸ್ತ್ರಿ ಗಾಡಿಯನ್ನು ಜಾಕಿಯ ಮೇಲೆ ಎತ್ತಿ, ಚಕ್ರ ಕಳಚಿ, ತೋಳಿನ ಭಾರ ಇಳಿಸಿ, ಸಲಾಕೆಯನ್ನು ಒಂದೆರಡು ಹಲ್ಲು ತಿರುಗಿಸಿ ಮತ್ತೆ ಕೂರಿಸುತ್ತಿದ್ದ. ಇಳಿಸಿದಾಗ ಗಾಡಿಯ ಮೂತಿ ಮೊದಲಿನ ಎತ್ತರಕ್ಕೆ ಬಂದಿರುತ್ತಿತ್ತು. ಎರಡೂ ಕಡೆ ಸಮ ಬಂದಿದೆಯೇ ಎಂದು ಮಡ್‌ಗಾರ್ಡಿಗೂ ಟಯರಿಗೂ ನಡುವೆ ಗೇಣಿಟ್ಟು ನೋಡಿದರೆ ಮುಗಿಯಿತು. ಹಣವೂ ಹೆಚ್ಚು ಬೇಡ, ಬಿಡಿಭಾಗವೂ ಬೇಡ. ಬಿಡಿಭಾಗ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಇಂಥ ಗುಣಕ್ಕೆ ಅಶ್ವಶಕ್ತಿಗಿಂತ ಬೆಲೆ ಹೆಚ್ಚು.

ಬದಲಿಗೆ ಅಂಬಾಸಿಡರ್ ಗ್ರೀಸ್ ಕೇಳುತ್ತಿತ್ತು. ಮುಂದಿನ ಚಕ್ರಗಳ ಕೀಲುಗಳಲ್ಲಿದ್ದ ನಿಪ್ಪಲುಗಳಿಗೆ ಹೊತ್ತು ಹೊತ್ತಿಗೆ ಗ್ರೀಸ್ ಹೊಡೆಸದಿದ್ದರೆ ಬುಷ್ ಸವೆದು ಸ್ಟಿಯರಿಂಗ್ ಆಡತೊಡಗುತ್ತಿತ್ತು. ಅಂಬಾಸಿಡರ್ ಏನು ಮಾಡಿದರೂ ತಡೆಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ತಡೆದುಕೊಂಡದ್ದು ಚೆನ್ನಾಗಿ ನೋಡಿಕೊಂಡವರ ಕೈಯಲ್ಲಿ. ಅದರ ಗುಣವೆಂದರೆ, ಕೆಟ್ಟಾಗ ಮೆಕ್ಯಾನಿಕ್ಕಿನ ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು, ಕೈಗೆ ಎಲ್ಲವೂ ಎಟುಕುತ್ತಿತ್ತು. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕ ಕೈ ಹಾಕಲು ಧಾರಾಳ ಜಾಗ. ಪದ್ಮಿನಿಯಲ್ಲೂ ಬಿಚ್ಚಿ ಜೋಡಿಸುವುದು ಕಷ್ಟವಿರಲಿಲ್ಲ, ಆದರೆ ಅದರ ಕೆಲವು ಭಾಗಗಳು ನಯವಾದ ಕೈ ಕೇಳುತ್ತಿದ್ದವು. ಗೇರುಕೋಲಿನ ಕೀಲುಗಳ ಬುಷ್ ಸವೆದರೆ ಎರಡು ಗೇರುಗಳ ನಡುವೆ ಸಿಕ್ಕಿಕೊಂಡು ಬಿಡುತ್ತಿತ್ತು. ಆಗ ರಸ್ತೆಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಕೀಲನ್ನು ಕೈಯಲ್ಲೇ ಸರಿಸಿ ಹೊರಡುವುದು ಹಳೆಯ ಫಿಯಟ್ ಚಾಲಕರಿಗೆಲ್ಲ ಗೊತ್ತಿದ್ದ ವಿದ್ಯೆ. ಎರಡೂ ಗಾಡಿಗಳಿಗೆ ಬೆಂಗಳೂರಿನ ಮೈಕೋ ಪ್ಲಗ್ ಹಾಕಿ ಓಡಿಸಿದವರು ಎಷ್ಟೋ ಮಂದಿ. ಬಿಡಿಭಾಗಕ್ಕೆ ಜೆ.ಸಿ. ರಸ್ತೆಯ ಅಂಗಡಿಗಳಿದ್ದವು.

ಘಾಟಿಯ ವಿಷಯಕ್ಕೆ ಬಂದರೆ ಅಂಬಾಸಿಡರಿನ ಪರ ನನ್ನ ಮತ ಸ್ಪಷ್ಟ. ಕಾರಣ ಎಂಜಿನ್ನಿನ ಹೆಡ್. ಬಿ ಸೀರೀಸಿನ ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. ಫಿಯಟ್ಟಿನದು ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್. ವಿನ್ಯಾಸವಾಗಿ ಅದೇ ಮುಂದುವರಿದದ್ದು. ತೂಕ ಕಡಿಮೆ, ಶಾಖವನ್ನು ಬೇಗ ಸಾಗಿಸುತ್ತದೆ. ಆದರೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಎಂಜಿನ್ ಕಾದು ಕೆಂಡವಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ ಇಳಿಸಿ ಲೇತಿಗೆ ಕಳಿಸಬೇಕಾಗುತ್ತದೆ. ಕಬ್ಬಿಣದ ಹೆಡ್ ಅಂಥ ತಪ್ಪನ್ನು ಒಂದೆರಡು ಸಲವಾದರೂ ಕ್ಷಮಿಸುತ್ತದೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಬೇಸಿಗೆಯ ಮಧ್ಯಾಹ್ನ ತುಂಬಿದ ಗಾಡಿಯಲ್ಲಿ ಹತ್ತುವಾಗ ಎರಡೂ ಕಾಯುತ್ತಿದ್ದವು. ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ ನಿಂತುಬಿಡುವುದೂ ಇತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಹತ್ತು ನಿಮಿಷ ಕಾದು, ಮತ್ತೆ ಸೆಲ್ಫ್ ಹೊಡೆಯುವುದು ಪದ್ಧತಿ. ಆದರೆ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಬ್ಬನೇ ಓಡಿಸುವವನಿಗೆ ಯಾವ ಕಾರು ಹಿತ ಎಂದು ಕೇಳಿದರೆ ನನ್ನ ಉತ್ತರ ಪದ್ಮಿನಿ. ಕಿರಿದಾದ ಮೈ, ಹಗುರ ಮೂತಿ, ತಿರುಗಲು ಒಪ್ಪುವ ಎಂಜಿನ್ ಅಲ್ಲಿ ಉಪಯೋಗಕ್ಕೆ ಬರುತ್ತವೆ.

ಕರಾವಳಿಯಲ್ಲಿ ಈ ಪ್ರಶ್ನೆಯೇ ಹುಟ್ಟಲಿಲ್ಲ. ದಕ್ಷಿಣ ಕನ್ನಡದ ಊರುಗಳ ನಡುವೆ ಬಸ್ಸು ಸಿಗದ ಹೊತ್ತಿನಲ್ಲಿ ಓಡುತ್ತಿದ್ದ ಸರ್ವಿಸ್ ಕಾರುಗಳೆಂದರೆ ಅಂಬಾಸಿಡರುಗಳೇ. ಮುಂದೆ ಉದ್ದ ಬೆಂಚಿನ ಸೀಟು, ಅದರಲ್ಲಿ ಚಾಲಕನ ಜೊತೆ ಮೂವರೋ ನಾಲ್ವರೋ. ಹಿಂದೆ ಐದಾರು ಜನ, ಮಡಿಲಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಅಡಿಕೆ ಮೂಟೆ. ಚಾಲಕ ಅರ್ಧ ಮೈಯನ್ನು ಬಾಗಿಲಿಗೆ ಒತ್ತಿಕೊಂಡು ಓಡಿಸುತ್ತಿದ್ದ. ಕಾನೂನಿನ ಲೆಕ್ಕದಲ್ಲಿ ಅದು ತಪ್ಪು, ಅಪಾಯವೂ ಹೌದು. ಆದರೆ ಆ ಹೊರೆಯನ್ನು ಹದಿನೈದು ಅಂಗುಲದ ಚಕ್ರದ ಮೇಲೆ, ಕಡಿಮೆ ಸುತ್ತಿನ ಎಳೆತದಲ್ಲಿ ದಿನಾ ಹೊತ್ತು ಸಾಗಿಸಬಲ್ಲ ಕಾರು ಇನ್ನೊಂದು ಇರಲಿಲ್ಲ. ಮೇಲೆ ಹಾಕಿದ ಲೆಕ್ಕದಲ್ಲಿ ಹೊರೆ ಹೆಚ್ಚಿದಷ್ಟೂ ಅಂಬಾಸಿಡರ್ ಮುಂದಾಗುತ್ತದೆ ಎಂದದ್ದು ಇಲ್ಲಿ ಕಣ್ಣೆದುರೇ ನಡೆಯುತ್ತಿತ್ತು. 1980ರ ಹೊತ್ತಿಗೆ ಡೀಸೆಲ್ ಅಂಬಾಸಿಡರ್ ಬಂದ ಮೇಲೆ ಟ್ಯಾಕ್ಸಿಯವರಿಗೆ ಬೇರೆ ಆಯ್ಕೆಯೇ ಬೇಡವಾಯಿತು. ಅದರ ಶಕ್ತಿ 37 ಬಿಎಚ್‌ಪಿ. ಪೆಟ್ರೋಲ್ ಪದ್ಮಿನಿಗಿಂತಲೂ ಕಡಿಮೆ, ಹೊತ್ತದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಸದ್ದಿನ ಬಗ್ಗೆ ಯಾರೂ ಒಳ್ಳೆಯ ಮಾತು ಆಡಲಾರರು. ಆದರೂ ಅದರಿಂದ ನೂರಾರು ಸಂಸಾರಗಳ ಹೊಟ್ಟೆ ತುಂಬಿತು. ಪದ್ಮಿನಿಗೂ 137ಡಿ ಎಂಬ 1366 ಸಿಸಿ ಡೀಸೆಲ್ ರೂಪ ಬಂತು, ಬಹಳ ತಡವಾಗಿ.

ಇಷ್ಟು ಒಳ್ಳೆಯ ಎರಡು ಕಾರುಗಳು ಯಾಕೆ ಅಷ್ಟು ಕೆಟ್ಟ ಹೆಸರು ಗಳಿಸಿದವು? ಕಾರ್ಯಕ್ಷಮತೆಯ ಯಾವ ಸಮೀಕ್ಷೆಯೂ ಈ ಪ್ರಶ್ನೆಯನ್ನು ಬಿಟ್ಟು ಪೂರ್ತಿಯಾಗದು. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಸೀರೀಸ್ 3 ನಿಂತದ್ದು 1959ರಲ್ಲಿ. ನಮ್ಮಲ್ಲಿ ಅದರ ರೂಪ ಮತ್ತೆ 55 ವರ್ಷ ನಡೆಯಿತು. ಇಟಲಿಯಲ್ಲಿ 1100 ಮುಗಿದದ್ದು 1969ರಲ್ಲಿ, ನಮ್ಮಲ್ಲಿ ಪದ್ಮಿನಿ 2000ದ ಹೊತ್ತಿನವರೆಗೆ. 1953ರ ಟ್ಯಾರಿಫ್ ಕಮಿಷನ್ ವರದಿಯ ನಂತರ, ಇಲ್ಲೇ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಿಸುತ್ತಿದ್ದ ಜನರಲ್ ಮೋಟರ್ಸ್, ಫೋರ್ಡ್ ಕಂಪನಿಗಳು ದೇಶ ಬಿಟ್ಟವು. ಉಳಿದದ್ದು ಉತ್ತರಪಾರಾ, ಕುರ್ಲಾ ಮತ್ತು ಮದರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ಮಾಡಬೇಕೆಂಬುದಕ್ಕೆ ಲೈಸೆನ್ಸು, ಬೆಲೆಗೆ ಸರ್ಕಾರದ ನಿಯಂತ್ರಣ, ಆಮದಿಗೆ ನಿರ್ಬಂಧ. ಬೆಲೆ ಎಷ್ಟಿರಬೇಕು ಎಂಬ ವ್ಯಾಜ್ಯವನ್ನು ಪ್ರೀಮಿಯರ್ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಒಯ್ಯಬೇಕಾಯಿತು. ಕೊಳ್ಳುವವನು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ. ಪ್ರಧಾನಿಯಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಯವರು ತಮ್ಮ ಫಿಯಟ್ಟಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿದ್ದರು, ಅವರು ತೀರಿಕೊಂಡ ಮೇಲೆ ಪತ್ನಿ ಅದನ್ನು ತೀರಿಸಿದರು.

ಮಾಡಿದ್ದೆಲ್ಲ ಮಾರಾಟವಾಗುವಾಗ ಸುಧಾರಿಸಬೇಕಾದ ಒತ್ತಡ ಯಾರಿಗೂ ಇರುವುದಿಲ್ಲ. ಮಾರ್ಕ್ 2ರಿಂದ ಮಾರ್ಕ್ 3ಕ್ಕೆ, ಮಾರ್ಕ್ 3ರಿಂದ 4ಕ್ಕೆ ಹೋದಾಗ ಜನರಿಗೆ ಕಂಡದ್ದು ಬಹುಮಟ್ಟಿಗೆ ಮುಂದಿನ ಜಾಲರಿಯ ಬದಲಾವಣೆ. ಹಾಗೆಂದು ಎಲ್ಲವೂ ನಿಂತಲ್ಲೇ ನಿಂತಿತ್ತೆಂದಲ್ಲ, ಕೆಟ್ಟದ್ದೂ ಆಯಿತು. ಅಚ್ಚುಗಳು ಸವೆದು ಬಾಗಿಲುಗಳು ಸರಿಯಾಗಿ ಕೂರುತ್ತಿರಲಿಲ್ಲ, ಮಳೆ ಬಂದರೆ ಒಳಗೆ ನೀರು, ಹೊಸ ಗಾಡಿಯನ್ನು ತಂದ ದಿನವೇ ಗ್ಯಾರೇಜಿಗೆ ಬಿಟ್ಟು ಎಲ್ಲ ನಟ್ಟು ಬೋಲ್ಟು ಬಿಗಿ ಮಾಡಿಸುವುದು ವಾಡಿಕೆಯಾಯಿತು. ಇವುಗಳ ದೋಷವನ್ನು ಆಕ್ಸ್‌ಫರ್ಡಿನ ಅಥವಾ ಟ್ಯೂರಿನ್ನಿನ ನಕ್ಷೆಯ ಮೇಲೆ ಹೊರಿಸುವುದು ತಪ್ಪು. ಅವುಗಳ ಸ್ವಂತ ಕಾಲದಲ್ಲಿ ಇಟ್ಟು ನೋಡಿದರೆ ಎರಡೂ ಗೌರವಕ್ಕೆ ಅರ್ಹವಾದ ವಿನ್ಯಾಸಗಳು. ಇಡೀ ದೇಹವೇ ಚೌಕಟ್ಟಾಗಿರುವ ಮಾನೊಕಾಕ್ ರಚನೆ ಎರಡರಲ್ಲೂ ಇತ್ತು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್ ಕಾರಿನಲ್ಲಿ ಅದು ಇರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರ್, 796 ಸಿಸಿ, ಪದ್ಮಿನಿಗಿಂತಲೂ ಇನ್ನೂರೈವತ್ತು ಕೆ.ಜಿ.ಯಷ್ಟು ಹಗುರ, ಎಳೆತ ಮುಂದಿನ ಚಕ್ರಗಳಲ್ಲಿ. ಸ್ವತಃ ಓಡಿಸುವ ಸಂಸಾರಸ್ಥ ಪದ್ಮಿನಿಯಲ್ಲಿ ಏನನ್ನು ಮೆಚ್ಚಿದ್ದನೋ ಅದನ್ನೇ ಹೆಚ್ಚು ಚೆನ್ನಾಗಿ ಅದು ಕೊಟ್ಟಿತು. ಆದ್ದರಿಂದ ಮೊದಲು ಪೆಟ್ಟು ಬಿದ್ದದ್ದು ಪದ್ಮಿನಿಗೆ. ಅಂಬಾಸಿಡರನ್ನು ಕೊಳ್ಳುತ್ತಿದ್ದವರು ಸರ್ಕಾರ ಮತ್ತು ಟ್ಯಾಕ್ಸಿಯವರು. ಅವರಿಗೆ ಬೇಕಿದ್ದ ಹಿಂದಿನ ಸೀಟನ್ನು ಮಾರುತಿ ಕೊಡಲಾರದು, ಹಾಗಾಗಿ ಅದು ಇನ್ನೂ ಮೂವತ್ತು ವರ್ಷ ಬದುಕಿತು. ಎಂಬತ್ತರ ದಶಕದ ಮಧ್ಯದಲ್ಲಿ ವರ್ಷಕ್ಕೆ ಸುಮಾರು 24,000 ಮಾರಾಟವಾಗುತ್ತಿದ್ದ ಕಾರು ಕೊನೆಯ ವರ್ಷದಲ್ಲಿ 2,200ರ ಆಸುಪಾಸಿಗೆ ಇಳಿದು, 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಸಾಲು ನಿಂತಿತು. ಹೆಚ್ಚು ಕಾಲ ಬಾಳಿದ್ದನ್ನೇ ಅಂಬಾಸಿಡರಿನ ಗೆಲುವೆಂದು ಹೇಳುವವರಿದ್ದಾರೆ. ನಾನು ಹಾಗೆ ಎಣಿಸಲಾರೆ, ಅದು ಕೊಳ್ಳುವವರು ಯಾರಾಗಿದ್ದರು ಎಂಬುದರ ಫಲ. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ಇಪ್ಪತ್ತು ವರ್ಷದ ಮಿತಿ ಮುಗಿಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್ ಕೊನೆಯಲ್ಲಿ. ಅಂಬಾಸಿಡರ್ ಹೆಸರನ್ನು ಪ್ಯೂಜೊ ಕಂಪನಿ 2017ರಲ್ಲಿ 80 ಕೋಟಿ ರೂಪಾಯಿಗೆ ಕೊಂಡಿತು.

ಕಾರಾಗಿ ನೋಡಿದರೆ, ಓಡಿಸುವವನ ಕೈಗೂ ಜೇಬಿಗೂ ಪದ್ಮಿನಿ ಮೇಲು. ಅಂದಿನ ನಮ್ಮ ರಸ್ತೆ, ಸಂಸಾರ, ಗ್ಯಾರೇಜುಗಳ ಲೆಕ್ಕದಲ್ಲಿ ಅಂಬಾಸಿಡರ್ ಮೇಲು. ಈಗ ಅದೇ ರಸ್ತೆ, ಅದೇ ಹೊರೆ ಇಲ್ಲವಾದ್ದರಿಂದ, ಇವತ್ತು ಒಂದನ್ನು ಕೊಂಡು ಭಾನುವಾರ ಬೆಳಿಗ್ಗೆ ಓಡಿಸಬೇಕೆನ್ನುವವರಿಗೆ ನಾನು ಹೇಳುವುದು ಪದ್ಮಿನಿಯನ್ನೇ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಬೇಕೆನ್ನುವವರು ಅಂಬಾಸಿಡರನ್ನು ಹುಡುಕಲಿ. ಯಾವುದನ್ನೇ ಕೊಳ್ಳಿ, ಎಂಜಿನ್ ಕೊನೆಗೆ ನೋಡಿ. ಬೋರ್ ಮಾಡಿಸಿ ಸರಿಪಡಿಸಲು ಈಗಲೂ ಜನ ಸಿಗುತ್ತಾರೆ. ಮೊದಲು ಮ್ಯಾಟು ಎತ್ತಿ ನೆಲದ ತಗಡು ನೋಡಿ, ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ, ಅಂಬಾಸಿಡರಾದರೆ ಟಾರ್ಷನ್ ಬಾರ್ ಬಿಗಿದಿರುವ ಜಾಗವನ್ನು ಪರೀಕ್ಷಿಸಿ. ಮಾನೊಕಾಕ್ ಗಾಡಿಯಲ್ಲಿ ತುಕ್ಕು ಹಿಡಿದ ತಳವೆಂದರೆ ತುಕ್ಕು ಹಿಡಿದ ಚೌಕಟ್ಟೇ, ಮೇಲೆ ಎಷ್ಟು ಟಿಂಕರಿಂಗ್ ಮಾಡಿಸಿದರೂ ಅದು ಮುಚ್ಚಿಕೊಳ್ಳುವುದಿಲ್ಲ. ಕಾಗದಪತ್ರ ನೋಡುವಾಗ ಮೊದಲ ನೋಂದಣಿಯ ದಿನಾಂಕಕ್ಕೆ ಗಮನ ಕೊಡಿ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ವಾಹನವೆಂದು ನೋಂದಾಯಿಸಿ ‘ವಿಎ’ ಅಕ್ಷರಗಳಿರುವ ಫಲಕ ಪಡೆಯಬಹುದು. ಅಂಥ ಗಾಡಿಯನ್ನು ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಮಾರ್ಕ್ 2 ಅಂಬಾಸಿಡರುಗಳಿಗೂ ಡಿಲೈಟ್ ಫಿಯಟ್ಟುಗಳಿಗೂ ಆ ವಯಸ್ಸು ಆಗಿದೆ. ಪದ್ಮಿನಿ ಎಂಬ ಹೆಸರು ಹೊತ್ತ ಗಾಡಿಗಳಲ್ಲಿ ತೀರ ಮೊದಲಿನವು ಮಾತ್ರ ಈ ಸಾಲಿಗೆ ಬರತೊಡಗಿವೆ.